ಹಳೆ ಕಂಪ್ಯೂಟರ್ ಇರಲಿ, ಅದರ ನೆಟ್ ವೈರ್ ಬೇಡ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೈಸೂರಿನ ಚಾಮರಾಜಪುರಂ ಮತ್ತು ಅದರ ಆಸುಪಾಸಿನವು. ಎಲ್ಲರ ತಲೆನೋವೂ ಒಂದೇ: ಹಳೆಯ ವಿಂಡೋಸ್. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ಕೋರ್ಟಿಗೆ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಅಫಿಡವಿಟ್ಟು, ಬಾಡಿಗೆ ಕರಾರು, ಕ್ರಯಪತ್ರ ಟೈಪ್ ಮಾಡಿಕೊಡುತ್ತೇನೆ. ಮದುವೆ ಸೀಸನ್ನಿನಲ್ಲಿ ಲಗ್ನಪತ್ರಿಕೆ. ಒಂದು ಕಂಪ್ಯೂಟರ್‌ನಲ್ಲಿ ವಿಂಡೋಸ್ 7, ಇನ್ನೊಂದರಲ್ಲಿ ಎಕ್ಸ್‌ಪಿ. ಎರಡರಲ್ಲೂ ಪುಟ ಜೋಡಿಸಲು ಪೇಜ್‌ಮೇಕರ್, ಕನ್ನಡ ಟೈಪಿಗೆ ನುಡಿ. ಹಳೆ ಲೇಸರ್ ಪ್ರಿಂಟರ್ ಎಕ್ಸ್‌ಪಿಗೆ ಮಾತ್ರ ಬಗ್ಗುತ್ತದೆ. ಹೋದ ವರ್ಷ ಒಂದು ಹೊಸ ಲ್ಯಾಪ್‌ಟಾಪ್ ತಂದೆ. ಅದರಲ್ಲಿ ಎಕ್ಸ್‌ಪಿಯ ಷೇರ್ ಫೋಲ್ಡರ್ ಕಾಣಲೇ ಇಲ್ಲ. ರಿಪೇರಿ ಹುಡುಗ ಬಂದು ಎಲ್ಲೋ ಒಂದು ಟಿಕ್ ಹಾಕಿ ಸರಿ ಮಾಡಿಕೊಟ್ಟ. ಈಗ ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಬಂದು, 'ಮಾವ, ಈ ವಿಂಡೋಸ್‌ನಲ್ಲಿ ಎಟರ್ನಲ್‌ಬ್ಲೂ ಅನ್ನೋ ತೂತಿದೆ, ಮೊದಲು ಇದನ್ನು ಎಸೀರಿ' ಅನ್ನುತ್ತಿದ್ದಾನೆ. ಇಷ್ಟು ವರ್ಷ ಏನೂ ಆಗಿಲ್ಲ. ಆಂಟಿವೈರಸ್ಸೂ ಇದೆ. ಹೆದರಬೇಕಾ ಸಾರ್?
— ಡಿಟಿಪಿ ಅಂಗಡಿಯವರು, ಚಾಮರಾಜಪುರಂ

ಉತ್ತರ: ನಿಮ್ಮ ಸೋದರಳಿಯ ಹೇಳಿದ್ದರಲ್ಲಿ ಮೊದಲರ್ಧ ಬಹುಮಟ್ಟಿಗೆ ಸರಿ. 'ಎಸೀರಿ' ಅಂದದ್ದು ಆತುರದ ಮಾತು.

ಎಟರ್ನಲ್‌ಬ್ಲೂ ಎಂಬುದು ತೂತಿನ ಹೆಸರಲ್ಲ, ಆ ತೂತಿನಿಂದ ಒಳನುಗ್ಗಲು ಮಾಡಿದ ಹತಾರದ ಹೆಸರು. ಮಾಡಿದ್ದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ, ಎನ್‌ಎಸ್‌ಎ. ತೂತು ಇರುವುದು ಎಸ್‌ಎಂಬಿ ಎಂಬ ವ್ಯವಸ್ಥೆಯ ಮೊದಲನೇ ಆವೃತ್ತಿಯಲ್ಲಿ. ಒಂದು ಕಂಪ್ಯೂಟರ್‌ನ ಫೋಲ್ಡರನ್ನೋ ಪ್ರಿಂಟರನ್ನೋ ಇನ್ನೊಂದು ಕಂಪ್ಯೂಟರ್ ಬಳಸುವುದು ಈ ಎಸ್‌ಎಂಬಿ ಮೂಲಕ. ಅಂದರೆ ನಿಮ್ಮ ಅಂಗಡಿಯಲ್ಲಿ ದಿನವಿಡೀ ನಡೆಯುವ ಕೆಲಸವೇ ಅದು.

ತೂತು ಆದದ್ದು ಹೇಗೆ ಅನ್ನುವುದು ಸ್ವಾರಸ್ಯದ ಸಂಗತಿ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1987ರಲ್ಲಿ ಐಬಿಎಂ ಮತ್ತು ಮೈಕ್ರೋಸಾಫ್ಟ್ ಸೇರಿ ಓಎಸ್/2 ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ತಂದವು. ಅದು ಹೆಚ್ಚು ಜನಪ್ರಿಯವಾಗಲಿಲ್ಲ. ಆದರೂ ಅದರ ಶೈಲಿಯಲ್ಲಿ ಬರುವ ಫೈಲ್ ವಿವರಗಳ ಪಟ್ಟಿಯನ್ನು ವಿಂಡೋಸ್‌ನ ಶೈಲಿಗೆ ಬದಲಿಸಿಕೊಳ್ಳುವ ಒಂದು ಪುಟ್ಟ ಭಾಗ ವಿಂಡೋಸ್‌ನೊಳಗೆ ಉಳಿದುಕೊಂಡಿತು. ಪಟ್ಟಿಯಲ್ಲಿ ಹಾಳಾದ ಭಾಗವೇನಾದರೂ ಇದ್ದರೆ ಅದನ್ನು ಬಿಟ್ಟು ಒಟ್ಟು ಉದ್ದವನ್ನು ಕಡಿಮೆ ಮಾಡಿ ಬರೆದುಕೊಳ್ಳಬೇಕು. ಉದ್ದದ ಸಂಖ್ಯೆ 32 ಬಿಟ್‌ನದು. ಈ ಭಾಗವನ್ನು ಬರೆದವರು ಅದರ ಕೆಳಗಿನ 16 ಬಿಟ್‌ಗಳನ್ನು ಮಾತ್ರ ತಿದ್ದಿ, ಮೇಲಿನ 16ನ್ನು ಮುಟ್ಟದೆ ಬಿಟ್ಟರು. 16 ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 65,535. ದಾಳಿಕೋರ ಬೇಕೆಂದೇ 65,536 ಉದ್ದದ ಪಟ್ಟಿ ಕಳಿಸುತ್ತಾನೆ. ಕಡಿಮೆಯಾಗಬೇಕಿದ್ದ ಲೆಕ್ಕ ಸುಮಾರು ಎರಡರಷ್ಟಾಗುತ್ತದೆ. ವಿಂಡೋಸ್ ಮೆಮೊರಿಯಲ್ಲಿ ಸಣ್ಣ ಜಾಗ ಕಾದಿರಿಸಿ, ಅದರೊಳಗೆ ದೊಡ್ಡ ಪಟ್ಟಿ ಬರೆಯಲು ಹೋಗುತ್ತದೆ. ಮಿಕ್ಕಿದ್ದು ಪಕ್ಕದ ಜಾಗಕ್ಕೆ ಚೆಲ್ಲುತ್ತದೆ. ಹಾಗೆ ಚೆಲ್ಲಿದ್ದರಲ್ಲಿ ದಾಳಿಕೋರನ ಆಜ್ಞೆಗಳಿರುತ್ತವೆ. ಇದೆಲ್ಲ ನಡೆಯುವುದು ವ್ಯವಸ್ಥೆಯ ತಿರುಳಿನಲ್ಲಿ, ಕರ್ನೆಲ್ ಎನ್ನುವ ಜಾಗದಲ್ಲಿ. ಅಲ್ಲಿ ಹೊಕ್ಕವನಿಗೆ ಪಾಸ್‌ವರ್ಡ್ ಬೇಕಿಲ್ಲ. ನೀವು ಯಾವ ಲಿಂಕನ್ನೂ ಒತ್ತಬೇಕಿಲ್ಲ. ಕಂಪ್ಯೂಟರ್ ಆನ್ ಆಗಿದ್ದು, ಅದರ ಎಸ್‌ಎಂಬಿ ಬಾಗಿಲು, ಅಂದರೆ 445ನೇ ಪೋರ್ಟ್, ಅವನ ಕೈಗೆ ಎಟುಕಿದರೆ ಸಾಕು.

ಪೇಜ್‌ಮೇಕರ್‌ಗಾಗಿ ಎಕ್ಸ್‌ಪಿಯನ್ನು ಬಿಡಲೊಲ್ಲದ ನಿಮ್ಮನ್ನು ಬೈಯುವವರಿಗೆ ಇದನ್ನು ತಿಳಿಸಿ. ಹೆಚ್ಚು ಜನ ಬಳಸದ ಓಎಸ್/2ಗಾಗಿ ಮೈಕ್ರೋಸಾಫ್ಟೇ ಹಳೆಯದನ್ನು ಬಿಡದೆ ಇಟ್ಟುಕೊಂಡಿತ್ತು.

ಎನ್‌ಎಸ್‌ಎ ಈ ಲೋಪವನ್ನು ಮೈಕ್ರೋಸಾಫ್ಟಿಗೆ ಹೇಳದೆ ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತಿತ್ತು. 2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಇದಕ್ಕೆ ತೇಪೆ ಬಿಡುಗಡೆ ಮಾಡಿತು. ಅದರ ಹೆಸರು ಎಂಎಸ್17-010. ಸರಿಯಾಗಿ ಒಂದು ತಿಂಗಳಿಗೆ, ಏಪ್ರಿಲ್ 14ರಂದು, ಷ್ಯಾಡೋ ಬ್ರೋಕರ್ಸ್ ಎಂದು ಕರೆದುಕೊಳ್ಳುವ ಗುಂಪೊಂದು ಎನ್‌ಎಸ್‌ಎಯಿಂದ ಕದ್ದ ಹತಾರಗಳನ್ನು ಬೀದಿಗೆ ಸುರಿಯಿತು. ಮೇ 12ರಂದು, ಅವುಗಳಲ್ಲಿದ್ದ ಎಟರ್ನಲ್‌ಬ್ಲೂ ಬಳಸಿ ತಾನಾಗಿ ಹರಡುವ ವಾನಾಕ್ರೈ ಎಂಬ ಹುಳ ಬಂತು. 150ಕ್ಕೂ ಹೆಚ್ಚು ದೇಶಗಳ 2 ಲಕ್ಷಕ್ಕೂ ಮಿಕ್ಕಿದ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಬಿತ್ತು. ಬೀಗ ತೆಗೆಯಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳಿದರು. ಮೂರು ದಿನ ಕಳೆದರೆ 600. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 19,000 ರೋಗಿಗಳ ಅಪಾಯಿಂಟ್‌ಮೆಂಟ್ ರದ್ದಾಯಿತೆಂದು ಅಲ್ಲಿನ ಅಂದಾಜು. ಅದು ದೂರದ ಮಾತಾಯಿತು ಅನ್ನಬೇಡಿ. ನಮ್ಮ ಎಚ್.ಡಿ. ಕೋಟೆಯ ಗಡಿ ದಾಟಿದರೆ ಸಿಗುವ ವಯನಾಡು ಜಿಲ್ಲೆಯ ತರಿಯೋಡು ಗ್ರಾಮ ಪಂಚಾಯಿತಿಯ ಕಂಪ್ಯೂಟರ್‌ಗಳೂ ಅದರ ಬಾಯಿಗೆ ಬಿದ್ದವು. ಕೋಲಾರದ ಆಚೆ ಚಿತ್ತೂರು ಸೇರಿದಂತೆ ಆಂಧ್ರದ ಹಲವು ಜಿಲ್ಲೆಗಳ ಪೊಲೀಸ್ ಕಂಪ್ಯೂಟರ್‌ಗಳಿಗೂ ತಗುಲಿತು. ಪಂಚಾಯಿತಿಯ ಜನನ ಪತ್ರದಿಂದ ಹ್ಯಾಕರ್‌ಗೆ ಏನು ಸಿಕ್ಕೀತು ಎಂದು ಕೇಳಿದರೆ, ಅವನಿಗೆ ಅದು ಪಂಚಾಯಿತಿ ಎಂಬುದೂ ಗೊತ್ತಿರಲಿಲ್ಲ. ಬಾಗಿಲು ತೆರೆದಿರುವ ಕಂಪ್ಯೂಟರ್‌ಗಳನ್ನು ಹುಳವೇ ಹುಡುಕಿಕೊಂಡು ಹೋಗುತ್ತಿತ್ತು.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಬಿಡಿಸುತ್ತೇನೆ. ವಾನಾಕ್ರೈ ಅಂದರೆ ಎಕ್ಸ್‌ಪಿಯ ಕಾಯಿಲೆ ಎಂದು ಆಗ ಹಲವರು ಬರೆದರು. ಸಿಕ್ಕಿಬಿದ್ದ ಕಂಪ್ಯೂಟರ್‌ಗಳಲ್ಲಿ ಬಹುಪಾಲು ಎಕ್ಸ್‌ಪಿಯವಲ್ಲ, ವಿಂಡೋಸ್ 7ರವು. ಎಕ್ಸ್‌ಪಿಗಳು ಹೆಚ್ಚಾಗಿ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿದ್ದವು. ಹುಳ ಒಳಗೆ ಕೂರಲು ಆಗುತ್ತಿರಲಿಲ್ಲ. ಆದ್ದರಿಂದ ನಿಮ್ಮ ಎರಡು ಯಂತ್ರಗಳಲ್ಲಿ ನಾನು ಮೊದಲು ನೋಡುವುದು ವಿಂಡೋಸ್ 7ನ್ನು.

ಅದರಲ್ಲಿ ಕಂಟ್ರೋಲ್ ಪ್ಯಾನಲ್ ತೆಗೆದು, ಪ್ರೋಗ್ರಾಮ್ಸ್ ಅಂಡ್ ಫೀಚರ್ಸ್‌ಗೆ ಹೋಗಿ, ಎಡಗಡೆ ಇರುವ ವ್ಯೂ ಇನ್‌ಸ್ಟಾಲ್ಡ್ ಅಪ್‌ಡೇಟ್ಸ್ ಒತ್ತಿ. ಕೆಬಿ 4012212 ಅಥವಾ ಕೆಬಿ 4012215 ಇದೆಯೇ ನೋಡಿ. ಇಲ್ಲದಿದ್ದರೂ 2017ರ ಮಾರ್ಚ್ ನಂತರದ ಯಾವುದಾದರೂ 'ಮಂತ್ಲಿ ರೋಲಪ್' ಕಂಡರೆ ತೇಪೆ ಅದರೊಳಗೇ ಸೇರಿದೆ. ಪಟ್ಟಿ ಖಾಲಿ ಇದ್ದರೆ, ಅಂದರೆ ವಿಂಡೋಸ್ ಹಾಕಿಕೊಟ್ಟವರು ಅಪ್‌ಡೇಟನ್ನೇ ಆಫ್ ಮಾಡಿ ಕೊಟ್ಟಿದ್ದರೆ, ತೂತು ಹಾಗೇ ಇದೆ. ನಕಲಿ ಸಿಡಿಯಿಂದ ಹಾಕಿದ ವಿಂಡೋಸ್‌ಗಳಲ್ಲಿ ಇದು ಮಾಮೂಲು. ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿತ್ತು. ಆದರೂ ವಾನಾಕ್ರೈ ಬಂದಾಗ ಮೈಕ್ರೋಸಾಫ್ಟ್ ತಾನೇ ಹಾಕಿಕೊಂಡ ನಿಯಮ ಮುರಿದು ಎಕ್ಸ್‌ಪಿಗೂ ತೇಪೆ ಕೊಟ್ಟಿತು. ಅದು ಕೆಬಿ 4012598. ಎರಡನ್ನೂ ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ಎಂಬ ಅವರದೇ ತಾಣದಲ್ಲಿ ಹುಡುಕಿ. ಬೇರೆ ಕಡೆ ಸಿಕ್ಕಿದ್ದನ್ನು ಇಳಿಸಿಕೊಳ್ಳಬೇಡಿ.

ಇನ್ನು ಆ ಟಿಕ್. ರಿಪೇರಿ ಹುಡುಗ ಹಾಕಿದ್ದು 'ಎಸ್‌ಎಂಬಿ 1.0' ಎಂಬುದರ ಮುಂದಿನ ಟಿಕ್ ಇರಬೇಕು. ಎಕ್ಸ್‌ಪಿಗೆ ಮೊದಲನೇ ಎಸ್‌ಎಂಬಿ ಬಿಟ್ಟರೆ ಬೇರೆ ಬರುವುದಿಲ್ಲ. 2017ರ ಕೊನೆಯ ಹೊತ್ತಿಗೆ ಬಂದ ವಿಂಡೋಸ್ 10ರಿಂದ ಈಚೆಗೆ ಅದನ್ನು ಆಫ್ ಮಾಡಿಯೇ ಕೊಡುತ್ತಿದ್ದಾರೆ. ಅದಕ್ಕೇ ಹೊಸ ಲ್ಯಾಪ್‌ಟಾಪ್‌ಗೆ ಹಳೆಯ ಫೋಲ್ಡರ್ ಕಾಣಲಿಲ್ಲ. ಹೊಸ ಲ್ಯಾಪ್‌ಟಾಪ್‌ನಲ್ಲಿ ತೇಪೆ ಇರುವುದರಿಂದ ಎಟರ್ನಲ್‌ಬ್ಲೂ ಅದಕ್ಕೆ ತಾಗದು. ಆದರೂ ಮೊದಲನೇ ಎಸ್‌ಎಂಬಿಯಲ್ಲಿ ಹೋಗುವ ಫೈಲ್‌ಗೆ ಗೂಢಲಿಪಿಯ ರಕ್ಷಣೆ ಇಲ್ಲ. ಅದನ್ನು ಬಿಡಿ ಎಂದು ಮೈಕ್ರೋಸಾಫ್ಟಿನ ನೆಡ್ ಪೈಲ್ 2016ರಿಂದಲೇ ಬರೆಯುತ್ತಿದ್ದರು. ಒಂದು ಪ್ರಿಂಟರ್‌ಗಾಗಿ ಅಂಗಡಿಯ ಅಷ್ಟೂ ಕಂಪ್ಯೂಟರ್‌ಗಳಿಗೆ ಹಳೆಯ ಅಭ್ಯಾಸ ಕಲಿಸುವುದು ನನಗೆ ಸರಿ ಕಾಣುವುದಿಲ್ಲ. ಟಿಕ್ ತೆಗೆಯಿರಿ. ಪ್ರಿಂಟ್ ಆಗಬೇಕಾದ ಫೈಲನ್ನು ಅಂಗಡಿಯದೇ ಒಂದು ಪೆನ್‌ಡ್ರೈವ್‌ನಲ್ಲಿ ಎಕ್ಸ್‌ಪಿಗೆ ಒಯ್ಯಿರಿ. ದಿನಕ್ಕೆ ನಾಲ್ಕು ಸಲ ಎದ್ದು ಹೋಗಬೇಕಾದೀತು. ಡಿಟಿಪಿಯವರ ಬೆನ್ನಿಗೆ ಅದೂ ಒಳ್ಳೆಯದೇ.

'ಇಷ್ಟು ವರ್ಷ ಏನೂ ಆಗಿಲ್ಲ' ಅಂದಿರಿ. ಆಗಿಲ್ಲವೆಂದು ನಿಮಗೆ ಗೊತ್ತಾಗುವುದು ಹೇಗೆ? ವಾನಾಕ್ರೈಗೂ ಮುಂಚೆಯೇ, 2017ರ ಏಪ್ರಿಲ್ ಕೊನೆಯಿಂದ, ಅಡಿಲ್‌ಕಜ್ ಎಂಬ ಇನ್ನೊಂದು ಕುತಂತ್ರಾಂಶ ಇದೇ ತೂತಿನಿಂದ ನುಗ್ಗುತ್ತಿತ್ತು. ಅದು ಯಾರ ಫೈಲನ್ನೂ ಮುಟ್ಟಲಿಲ್ಲ, ದುಡ್ಡೂ ಕೇಳಲಿಲ್ಲ. ಜನರ ಕಂಪ್ಯೂಟರ್ ಬಳಸಿ ಮೊನೆರೋ ಎಂಬ ಡಿಜಿಟಲ್ ನಾಣ್ಯ ಗಳಿಸುತ್ತಾ ಕೂತಿತ್ತು. ಮಾಲೀಕರಿಗೆ ಕಂಡದ್ದು ಎರಡೇ: ಕಂಪ್ಯೂಟರ್ ನಿಧಾನವಾಯಿತು, ಷೇರ್ ಫೋಲ್ಡರ್ ತೆರೆಯುತ್ತಿಲ್ಲ. ಬೇರೆಯವು ಬಾರದಿರಲೆಂದು ಅದು ತಾನು ಬಂದ ಬಾಗಿಲನ್ನು ಒಳಗಿನಿಂದ ಮುಚ್ಚಿಬಿಡುತ್ತಿತ್ತು. 'ಹಳೇ ಮಷೀನು, ನಿಧಾನ ಇದ್ದೇ ಇರುತ್ತೆ' ಅಂದುಕೊಂಡವರಿಗೆ ಅದರ ಸುಳಿವೇ ಸಿಕ್ಕಿರಲಾರದು. ಆಂಟಿವೈರಸ್ ಒಳಬಂದ ಹುಳವನ್ನು ಹಿಡಿದರೂ ಹಿಡಿಯಬಹುದು. ತೂತು ಮುಚ್ಚುವುದು ಅದರ ಕೆಲಸವಲ್ಲ.

ಹೊರಗಿನವನ ಕೈಗೆ 445ನೇ ಪೋರ್ಟ್ ಎಟುಕುತ್ತದೆಯೇ ಎಂಬುದು ನಿಮ್ಮ ನೆಟ್ ಸಂಪರ್ಕವನ್ನು ಅವಲಂಬಿಸಿದೆ. ವೈಫೈ ರೌಟರ್ ಇದ್ದರೆ ಅದು ಹೊರಗಿನಿಂದ ಬರುವ ಕರೆಯನ್ನು ಸಾಮಾನ್ಯವಾಗಿ ತಡೆಯುತ್ತದೆ. ಹಿಂದೆ ಮೋಡೆಮ್ ಬ್ರಿಡ್ಜ್ ಮೋಡ್‌ನಲ್ಲಿಟ್ಟು ಡೆಸ್ಕ್‌ಟಾಪ್ ಮೇಲೆ ಡಯಲ್ ಚಿಹ್ನೆ ಒತ್ತಿ ನೆಟ್‌ಗೆ ಹೋಗುತ್ತಿದ್ದೆವಲ್ಲ, ಆಗ ಕಂಪ್ಯೂಟರ್ ನೇರ ಬೀದಿಯಲ್ಲೇ ನಿಂತ ಹಾಗೆ. ನಿಮ್ಮಲ್ಲಿ ಈಗಲೂ ಆ ಏರ್ಪಾಡಿದ್ದರೆ ನಾಳೆಯೇ ಬದಲಿಸಿ. ರೌಟರ್ ಇದ್ದರೂ, ಅದೇ ವೈಫೈಗೆ ಬಂದು ಸೇರುವ ಇನ್ಯಾರದೋ ಲ್ಯಾಪ್‌ಟಾಪ್‌ನಿಂದ ಸೋಂಕು ಒಳಗಿನಿಂದಲೇ ಹರಡಬಹುದು. ತೇಪೆ ಬಂದು ವರ್ಷವಾದ ಮೇಲೆ, 2018ರ ಆಗಸ್ಟ್‌ನಲ್ಲಿ, ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯ ಕಾರ್ಖಾನೆಗಳು ವಾನಾಕ್ರೈನ ಮರಿಯೊಂದರಿಂದ ನಿಂತುಹೋದವು. ವೈರಸ್ ತಪಾಸಣೆ ಮಾಡದೆ ಒಂದು ಹೊಸ ಯಂತ್ರವನ್ನು ಒಳಜಾಲಕ್ಕೆ ಸೇರಿಸಿದ್ದರು, ಒಳಗಿದ್ದವು ತೇಪೆಯಿಲ್ಲದ ವಿಂಡೋಸ್ 7 ಯಂತ್ರಗಳು.

ನನ್ನ ಸಲಹೆ ಇಷ್ಟು. ಎಕ್ಸ್‌ಪಿಯ ನೆಟ್‌ವರ್ಕ್ ವೈರನ್ನು ಕಿತ್ತುಬಿಡಿ, ವೈಫೈ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸೇಬಲ್ ಮಾಡಿ. ವಿಂಡೋಸ್ 7ಕ್ಕೂ ಅದೇ. ಲಗ್ನಪತ್ರಿಕೆಗೆ ನೆಟ್ ಬೇಕಿಲ್ಲ. ಇ-ಸ್ಟಾಂಪ್, ನೋಂದಣಿಯ ಕಾವೇರಿ ತಾಣ, ಇ-ಫೈಲಿಂಗ್, ಪಾರ್ಟಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಆಧಾರ್ ಪ್ರತಿ, ಎಲ್ಲವೂ ಹೊಸ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಪೇಜ್‌ಮೇಕರ್ ನಡೆಸಿ, ಯಾರೂ ಬೇಡ ಅನ್ನುವುದಿಲ್ಲ. ಇನ್ನೊಂದು ದಾರಿಯೂ ಇದೆ. ಲ್ಯಾಪ್‌ಟಾಪ್‌ನಲ್ಲಿ ವರ್ಚುವಲ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಅದರೊಳಗೆ ನಿಮ್ಮ ಹಳೆಯ ವಿಂಡೋಸನ್ನು ನೆಟ್‌ವರ್ಕ್ ಇಲ್ಲದಂತೆ ಸ್ಥಾಪಿಸಬಹುದು. ಹಳೆ ಯಂತ್ರದ ಹಾರ್ಡ್‌ಡಿಸ್ಕ್ ಕೈಕೊಟ್ಟ ದಿನ ಪೇಜ್‌ಮೇಕರ್ ಉಳಿಯುತ್ತದೆ. ಸೋದರಳಿಯನಿಗೆ ಈ ಕೆಲಸ ಒಪ್ಪಿಸಿ.

ಪ್ರಶ್ನೆ: ನಾನು ಹಿರಿಯ ವಕೀಲ. ಚೇಂಬರಿನ ಕಂಪ್ಯೂಟರ್ (ವಿಂಡೋಸ್ 7) ಸದಾ ಆನ್ ಇರುತ್ತದೆ. ರಾತ್ರಿ ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದನ್ನು ತೆರೆದು ಕಡತ ನೋಡುತ್ತೇನೆ. ಇದಕ್ಕಾಗಿ ರೌಟರ್‌ನಲ್ಲಿ ಏನೋ ಸೆಟಿಂಗ್ ಮಾಡಿಸಿದ್ದೇನೆ. ಪಾಸ್‌ವರ್ಡ್ ಬಲವಾಗಿಯೇ ಇದೆ. ತೊಂದರೆ ಉಂಟೆ?
— ಚಾಮರಾಜಪುರಂ

ಉತ್ತರ: ಇಂದು ಸಂಜೆಯೇ ಆ ಸೆಟಿಂಗ್ ತೆಗೆಸಿ, ಸ್ವಾಮಿ. ಪಾಸ್‌ವರ್ಡಿನ ಬಲ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ರೌಟರ್‌ನಲ್ಲಿ ಮಾಡಿಸಿದ್ದು ಪೋರ್ಟ್ ಫಾರ್ವರ್ಡಿಂಗ್. ಹೊರಗಿನಿಂದ 3389ನೇ ಪೋರ್ಟಿಗೆ ಬಂದದ್ದನ್ನೆಲ್ಲ ನಿಮ್ಮ ಕಂಪ್ಯೂಟರ್‌ಗೆ ಬಿಡು ಎಂಬ ಆಜ್ಞೆ ಅದು. 2019ರ ಮೇ 14ರಂದು ಮೈಕ್ರೋಸಾಫ್ಟ್ ಈ ರಿಮೋಟ್ ಡೆಸ್ಕ್‌ಟಾಪ್‌ನಲ್ಲೇ ಇದ್ದ ಒಂದು ಲೋಪವನ್ನು ಪ್ರಕಟಿಸಿತು. ಅದಕ್ಕೆ ಬ್ಲೂಕೀಪ್ ಎಂಬ ಹೆಸರು ಬಂತು. ಪತ್ತೆ ಮಾಡಿ ತಿಳಿಸಿದ್ದು ಬ್ರಿಟನ್ನಿನ ರಾಷ್ಟ್ರೀಯ ಸೈಬರ್ ಭದ್ರತಾ ಕೇಂದ್ರ. ಎಕ್ಸ್‌ಪಿ, ವಿಸ್ತಾ, ವಿಂಡೋಸ್ 7 ಮತ್ತು ಅದೇ ಕಾಲದ ಸರ್ವರ್‌ಗಳಲ್ಲಿ ಅದಿದೆ. ವಿಂಡೋಸ್ 8 ಮತ್ತು 10ರಲ್ಲಿ ಇಲ್ಲ. ಪಾಸ್‌ವರ್ಡ್ ಕೇಳುವ ಮೊದಲೇ, ಸಂಪರ್ಕ ಏರ್ಪಡುವ ಹಂತದಲ್ಲೇ ದಾಳಿಕೋರ ಒಳಗೆ ಬರಬಹುದು. ಎಟರ್ನಲ್‌ಬ್ಲೂನಂತೆಯೇ ಯಂತ್ರದಿಂದ ಯಂತ್ರಕ್ಕೆ ಹರಡುವ ಗುಣ ಇದಕ್ಕಿದೆ ಎಂಬ ಹೆದರಿಕೆಯಿಂದ ಮೈಕ್ರೋಸಾಫ್ಟ್ ಮತ್ತೆ ಎಕ್ಸ್‌ಪಿಗೂ ತೇಪೆ ಕೊಟ್ಟಿತು. ಲೋಪ ಮುಚ್ಚಿಡುವುದರಲ್ಲಿ ಹೆಸರಾದ ಎನ್‌ಎಸ್‌ಎ ಕೂಡ ಆ ಜೂನ್‌ನಲ್ಲಿ 'ದಯವಿಟ್ಟು ಅಪ್‌ಡೇಟ್ ಮಾಡಿಕೊಳ್ಳಿ' ಎಂದು ಬಹಿರಂಗವಾಗಿ ಹೇಳಿತೆಂದರೆ ವಿಷಯದ ತೂಕ ಊಹಿಸಿಕೊಳ್ಳಿ.

ತೇಪೆ ಹಾಕಿಸಿದರೂ 3389ನ್ನು ಬಯಲಿಗೆ ಬಿಡುವುದು ಬೇಡ. ಊರೂರಿನ ಕಂಪ್ಯೂಟರ್‌ಗಳ ಆ ಪೋರ್ಟನ್ನು ತಟ್ಟಿ ಪಾಸ್‌ವರ್ಡ್ ಊಹಿಸುವ ತಂತ್ರಾಂಶಗಳು ಹಗಲಿರುಳು ಓಡುತ್ತಿವೆ. ನಿಮ್ಮ ಚೇಂಬರಿನಲ್ಲಿರುವುದು ಕಕ್ಷಿದಾರರ ಗುಟ್ಟು. ನಾಳೆ ಪಾಟೀ ಸವಾಲಿನಲ್ಲಿ ಕೇಳಬೇಕಾದ ಪ್ರಶ್ನೆಗಳ ಪಟ್ಟಿ ಎದುರು ವಕೀಲರ ಕೈಸೇರಿದರೆ ಹೇಗೆ? ಹೊಸ ಕಂಪ್ಯೂಟರ್ ತಗೊಂಡು, ವಿಪಿಎನ್ ಇರುವ ರೌಟರ್ ಹಾಕಿಸಿ, ಅದರ ಮೂಲಕ ಮಾತ್ರ ರಿಮೋಟ್ ಡೆಸ್ಕ್‌ಟಾಪ್ ಬಳಸಿ. ಅಥವಾ ಬೇಕಾದ ಕಡತವನ್ನು ಸಂಜೆ ಲ್ಯಾಪ್‌ಟಾಪ್‌ಗೆ ಹಾಕಿಕೊಂಡು ಮನೆಗೆ ಹೋಗಿ. ಎರಡನೆಯದಕ್ಕೆ ಖರ್ಚಿಲ್ಲ.

ಪ್ರಶ್ನೆ: ಎಟಿಎಂಗಳಲ್ಲೇ ಎಕ್ಸ್‌ಪಿ ಇದೆಯಂತೆ. ಬ್ಯಾಂಕಿನವರೇ ಬಳಸುವಾಗ ನಮಗೇಕೆ ಉಪದೇಶ?
— ಲಕ್ಷ್ಮೀಪುರಂ

ಉತ್ತರ: ಇತ್ತು, ನಿಜ. ಅದಕ್ಕಾಗಿ ಬ್ಯಾಂಕ್‌ಗಳು ರಿಸರ್ವ್ ಬ್ಯಾಂಕಿನಿಂದ ಮಾತು ಕೇಳಿದವು. 2018ರ ಜೂನ್‌ನಲ್ಲಿ ಆರ್‌ಬಿಐ ಗಡುವು ಹಾಕಿ ಸುತ್ತೋಲೆ ಹೊರಡಿಸಿತು: ಬೆಂಬಲ ನಿಂತ ವ್ಯವಸ್ಥೆಯಲ್ಲಿರುವ ಎಟಿಎಂಗಳಲ್ಲಿ ಕಾಲುಭಾಗವನ್ನು ಆ ಸೆಪ್ಟೆಂಬರ್ ಒಳಗೆ, ಅರ್ಧವನ್ನು ಡಿಸೆಂಬರ್ ಒಳಗೆ, ಎಲ್ಲವನ್ನೂ 2019ರ ಜೂನ್ ಒಳಗೆ ಬದಲಿಸಬೇಕು. ಎಕ್ಸ್‌ಪಿಯ ಬೆಂಬಲ ನಿಂತು ನಾಲ್ಕು ವರ್ಷವಾದ ಮೇಲೆ ಹಾಕಿದ ಗಡುವು ಇದು. ಬ್ಯಾಂಕಿನವರು ಮಾಡಿದ್ದೆಲ್ಲ ಮಾದರಿಯಲ್ಲ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಅಧ್ಯಾಪಕ. ಇಪ್ಪತ್ತು ವರ್ಷಗಳ ಬರಹ, ಎರಡು ಅಚ್ಚಾಗದ ಪುಸ್ತಕ, ಎಲ್ಲವೂ ಎಕ್ಸ್‌ಪಿ ಕಂಪ್ಯೂಟರ್‌ನಲ್ಲಿ ನುಡಿ ಅಕ್ಷರದಲ್ಲಿವೆ. ಮಗಳು ಕೊಡಿಸಿದ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ಏನೇನೋ ಬರುತ್ತದೆ. ಹಳೆಯದನ್ನು ಬಿಟ್ಟರೆ ಬರಹ ಹೋದಂತೆಯೇ ಎಂದು ಹೆದರಿ ಅದನ್ನೇ ಹಿಡಿದು ಕೂತಿದ್ದೇನೆ.
— ಚಾಮರಾಜಪುರಂ ರೈಲು ನಿಲ್ದಾಣದ ಬಳಿ

ಉತ್ತರ: ಗುರುಗಳೇ, ನಿಮ್ಮ ಬರಹ ಎಲ್ಲಿಗೂ ಹೋಗಿಲ್ಲ. ಕನ್ನಡ ನಾಡಿನಲ್ಲಿ ಹಳೆಯ ವಿಂಡೋಸ್ ಇನ್ನೂ ಉಸಿರಾಡುತ್ತಿರುವುದಕ್ಕೆ ದೊಡ್ಡ ಕಾರಣವೇ ನೀವು ಬರೆದಿರುವ ಈ ಭಯ. ಹಾಗಾಗಿ ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ.

ನುಡಿಯ ಹಳೆಯ ಫಾಂಟ್‌ನಲ್ಲಿ 'ಕನ್ನಡ' ಎಂದು ಟೈಪ್ ಮಾಡಿದಾಗ ಕಂಪ್ಯೂಟರ್ ಉಳಿಸಿಕೊಳ್ಳುವುದು ಕನ್ನಡ ಅಕ್ಷರವನ್ನಲ್ಲ. ಇಂಗ್ಲಿಷಿನ ದೊಡ್ಡ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡಿನ ಗುರುತು, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯೂ, ಹೀಗೆ. ನುಡಿ ಫಾಂಟ್ ಇದ್ದರೆ ಅವುಗಳ ಜಾಗದಲ್ಲಿ ಕನ್ನಡದ ಚಿತ್ರ ಬರುತ್ತದೆ, ಇಲ್ಲದಿದ್ದರೆ ಬಣ್ಣ ಬಯಲಾಗುತ್ತದೆ. ಆದ್ದರಿಂದ ತಕ್ಷಣದ ಪರಿಹಾರ ಸುಲಭ. ಹಳೆ ಕಂಪ್ಯೂಟರ್‌ನ ವಿಂಡೋಸ್ ಫೋಲ್ಡರಿನೊಳಗೆ ಫಾಂಟ್ಸ್ ಎಂಬ ಫೋಲ್ಡರ್ ಇದೆ. ಅಲ್ಲಿಂದ ನುಡಿ ಎಂದು ಶುರುವಾಗುವ ಫೈಲ್‌ಗಳನ್ನು ನಕಲು ಮಾಡಿ ಹೊಸದರಲ್ಲಿ ಸ್ಥಾಪಿಸಿ. ಬರಹ ಕಾಣುತ್ತದೆ.

ಕಂಡರೆ ಸಾಲದು, ಯೂನಿಕೋಡ್‌ಗೆ ಬದಲಿಸಬೇಕು. ಆಗ ಯಾವ ಕಂಪ್ಯೂಟರ್‌ನಲ್ಲೂ ಫೋನಿನಲ್ಲೂ ಫಾಂಟಿನ ಹಂಗಿಲ್ಲದೆ ತೆರೆಯುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿಯಲ್ಲೂ, 'ಬರಹ' ಎಂಬ ತಂತ್ರಾಂಶದಲ್ಲೂ ಪರಿವರ್ತಕಗಳಿವೆ. ಬದಲಿಸಿದ ಮೇಲೆ ಮೂರು ಕಡೆ ಕಣ್ಣಿಟ್ಟು ನೋಡಿ. ಮೊದಲನೆಯದು ಅರ್ಕಾವತ್ತು. ಹಳೆ ಫಾಂಟ್‌ನಲ್ಲಿ 'ಧರ್ಮ'ದ ಅರ್ಕಾವತ್ತು ಮಕಾರ ಆದ ಮೇಲೆ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಎಡವುವುದು ಇಲ್ಲೇ. ಎರಡನೆಯದು 'ರಾಷ್ಟ್ರ', 'ಸ್ತ್ರೀ'ಯಂಥ ಎರಡು ಒತ್ತಿನ ಪದಗಳು. ಮೂರನೆಯದು ನಡುವೆ ಬಂದಿರುವ ನಿಜವಾದ ಇಂಗ್ಲಿಷ್ ಪದಗಳು. ಅವೂ ಕನ್ನಡಕ್ಕೆ ತಿರುಗಿ ಅರ್ಥವಿಲ್ಲದ ಅಕ್ಷರಗಳಾಗಿಬಿಡುತ್ತವೆ. ಎರಡು ಪುಸ್ತಕದ ಕರಡು ತಿದ್ದುವಷ್ಟು ಕೆಲಸ ಇದೆ. ನಿಮಗದು ಹೊಸದಲ್ಲವಲ್ಲ.

ಇನ್ನೊಂದು ಮಾತು. ಕನ್ನಡ ಯೂನಿಕೋಡನ್ನು 'ತುಂಗಾ' ಫಾಂಟ್ ಸಮೇತ ಮೊದಲು ತಂದ ವಿಂಡೋಸ್ ಎಕ್ಸ್‌ಪಿಯೇ, 2001ರಲ್ಲಿ. ಸಂಕೀರ್ಣ ಲಿಪಿಗಳ ಟಿಕ್ ಹಾಕಿ ಸಿಡಿ ತುರುಕಿದ್ದರೆ ಅಂದೇ ಅದರಲ್ಲಿ ಯೂನಿಕೋಡ್ ಕನ್ನಡ ಬರೆಯಬಹುದಿತ್ತು. ಪೇಜ್‌ಮೇಕರ್‌ಗೆ ಯೂನಿಕೋಡ್ ಬರುತ್ತಿರಲಿಲ್ಲವಾದ್ದರಿಂದ ಮುದ್ರಣಾಲಯಗಳು ಹಳೆಯ ಫಾಂಟನ್ನೇ ಕೇಳಿದವು, ಬರೆಯುವವರೂ ಅದನ್ನೇ ಕಲಿತರು.

ಬದಲಿಸುವ ಮೊದಲು ಎಲ್ಲ ಫೈಲ್‌ಗಳ ಎರಡು ಪ್ರತಿ ಮಾಡಿ, ಒಂದನ್ನು ಮಗಳ ಮನೆಯಲ್ಲಿಡಿ. ಹಳೆ ಹಾರ್ಡ್‌ಡಿಸ್ಕ್ ಯಾವಾಗ ನಿಲ್ಲುತ್ತದೆ ಎಂದು ಹೇಳಿ ನಿಲ್ಲುವುದಿಲ್ಲ. ನಿಮ್ಮ ಮಟ್ಟಿಗೆ ಯಾವ ಹ್ಯಾಕರ್‌ಗಿಂತಲೂ ಅದೇ ಹತ್ತಿರದ ಅಪಾಯ.

ಪ್ರಶ್ನೆ: ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಹುಡುಗರು ತರುವ ಪೆನ್‌ಡ್ರೈವ್ ಹಾಕಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣುತ್ತವೆ. ನಮ್ಮ ಕಂಪ್ಯೂಟರ್‌ಗೆ ನೆಟ್ಟೇ ಇಲ್ಲ. ಹಾಗಿದ್ದೂ ಹೇಗೆ?
— ನಂಜುಮಳಿಗೆ

ಉತ್ತರ: ನೆಟ್ ಇಲ್ಲದ ಕಂಪ್ಯೂಟರ್‌ಗೆ ಪೆನ್‌ಡ್ರೈವೇ ನೆಟ್. 2008ರ ಕೊನೆಗೆ ಬಂದ ಕಾನ್ಫಿಕರ್ ಹುಳ ಹೀಗೂ ಹರಡುತ್ತಿತ್ತು, ಡ್ರೈವ್ ಚುಚ್ಚಿದ ಕೂಡಲೇ ತಾನಾಗಿ ಓಡುವ ಆಟೋರನ್ ಸೌಲಭ್ಯ ಹಿಡಿದು. 2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಇನ್ನೂ ಒಂದು ಹೆಜ್ಜೆ ಮುಂದೆ. ಫೋಲ್ಡರ್ ತೆರೆದು ಶಾರ್ಟ್‌ಕಟ್‌ನ ಚಿತ್ರ ಕಣ್ಣಿಗೆ ಬಿದ್ದರೇ ಸಾಕು, ಸೋಂಕು ತಗುಲುತ್ತಿತ್ತು. ಇರಾನಿನ ಅಣು ಸ್ಥಾವರದ ನೆಟ್ ಇಲ್ಲದ ಕಂಪ್ಯೂಟರ್‌ಗಳನ್ನು ಅದು ಮುಟ್ಟಿದ್ದು ಪೆನ್‌ಡ್ರೈವ್ ಮೂಲಕವೇ ಎಂಬುದು ಸಾಮಾನ್ಯ ನಂಬಿಕೆ.

ನೀವು ನೋಡುತ್ತಿರುವುದು ಅವಕ್ಕಿಂತ ಸಾಮಾನ್ಯ ವೈರಸ್. ನಿಜವಾದ ಫೋಲ್ಡರನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ಆ ಶಾರ್ಟ್‌ಕಟ್ ಒತ್ತಬೇಡಿ. ನಿಮ್ಮಲ್ಲಿ ಎಕ್ಸ್‌ಪಿ ಇದ್ದರೆ ಆಟೋರನ್ ನಿಲ್ಲಿಸುವ ತೇಪೆ 2011ರ ಫೆಬ್ರವರಿಯಲ್ಲಿ ಬಂದಿದೆ, ಹಾಕಿಸಿ. ಅದಕ್ಕಿಂತ ಒಳ್ಳೆಯದು, ಗಿರಾಕಿಗಳ ಪೆನ್‌ಡ್ರೈವ್‌ಗೆಂದೇ ಒಂದು ಹಳೆ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಮಿಂಟ್ ಹಾಕಿಸಿಡಿ. ವಿಂಡೋಸ್‌ಗೆಂದು ಬರೆದ ಈ ವೈರಸ್‌ಗಳು ಅಲ್ಲಿ ಬರಿಯ ಫೈಲ್‌ಗಳಾಗಿ ಬಿದ್ದಿರುತ್ತವೆ, ಪಿಡಿಎಫ್ ತೆರೆದು ಪ್ರಿಂಟ್ ಕೊಡಲು ಏನೂ ಅಡ್ಡಿಯಿಲ್ಲ. ಅದಕ್ಕೆ ದುಡ್ಡೂ ಕೊಡಬೇಕಿಲ್ಲ.

ಪ್ರಶ್ನೆ: ಪರದೆಯ ಮೇಲೆ 'ದುಡ್ಡು ಕಟ್ಟಿ' ಎಂದು ಬಂದರೆ ಮೊದಲು ಏನು ಮಾಡಬೇಕು? ಕಟ್ಟಿದರೆ ಫೈಲ್ ಸಿಗುತ್ತದೆಯೇ? (ನನಗಿನ್ನೂ ಬಂದಿಲ್ಲ, ತಿಳಿದಿರಲಿ ಎಂದು.)
— ಸರಸ್ವತೀಪುರಂ

ಉತ್ತರ: ಬರುವ ಮೊದಲೇ ಕೇಳಿದ ನಿಮಗೆ ಶಹಬ್ಬಾಸ್. ಮೊದಲು ನೆಟ್ ವೈರ್ ಕೀಳಿ, ವೈಫೈ ಆರಿಸಿ. ಹೊರಗಿನ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನೂ ಬಿಡಿಸಿ. ಕಂಪ್ಯೂಟರನ್ನು ಗಾಬರಿಯಿಂದ ರೀಸ್ಟಾರ್ಟ್ ಮಾಡಬೇಡಿ. ವಾನಾಕ್ರೈ ಸಮಯದಲ್ಲಿ ಇಬ್ಬರು ಫ್ರೆಂಚ್ ತಂತ್ರಜ್ಞರು, ಅಡ್ರಿಯೆನ್ ಗಿನೆ ಮತ್ತು ಬೆಂಜಮಿನ್ ಡೆಲ್ಪಿ, ಎಕ್ಸ್‌ಪಿ ಮತ್ತು ವಿಂಡೋಸ್ 7ರ ಮೆಮೊರಿಯಲ್ಲಿ ಬೀಗದ ಕೈಯ ಲೆಕ್ಕ ಅಳಿಯದೆ ಉಳಿದಿರುವುದನ್ನು ಬಳಸಿ ಫೈಲ್ ಬಿಡಿಸುವ ಉಪಾಯ ಮಾಡಿದರು. ಅದು ಕೆಲಸ ಮಾಡಿದ್ದು ರೀಸ್ಟಾರ್ಟ್ ಆಗದ ಕಂಪ್ಯೂಟರ್‌ಗಳಲ್ಲಿ ಮಾತ್ರ.

ದುಡ್ಡು ಕಟ್ಟಬೇಡಿ. ವಾನಾಕ್ರೈಯವರು ಇಟ್ಟದ್ದು ಮೂರೇ ಬಿಟ್‌ಕಾಯಿನ್ ಖಾತೆ. ಯಾರು ಕಟ್ಟಿದರು ಎಂದು ಗುರುತು ಹಿಡಿಯುವ ಸರಿಯಾದ ವ್ಯವಸ್ಥೆಯೇ ಅವರಲ್ಲಿರಲಿಲ್ಲ. ಪರದೆಯ ಫೋಟೊ ತೆಗೆದುಕೊಂಡು 1930ಕ್ಕೆ ಕರೆ ಮಾಡಿ, ಅಥವಾ ಸೈಬರ್‌ಕ್ರೈ‌ಮ್ ಡಾಟ್ ಜಿಓವಿ ಡಾಟ್ ಇನ್ ತಾಣದಲ್ಲಿ ದೂರು ಕೊಡಿ. ಮೈಸೂರಿನಲ್ಲಿ ಸೈಬರ್ ಅಪರಾಧಗಳ ಪೊಲೀಸ್ ಠಾಣೆಯೂ ಇದೆ. ಕಚೇರಿಯ ಕಂಪ್ಯೂಟರ್ ಆಗಿದ್ದರೆ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ಆದೇಶವಿದೆ. ಫೈಲ್ ಬಿಡಿಸುವ ಉಚಿತ ತಂತ್ರಾಂಶಗಳು ನೋ ಮೋರ್ ರ‍್ಯಾನ್ಸಮ್ ತಾಣದಲ್ಲಿವೆ. ಎಲ್ಲ ಬಗೆಯ ಬೀಗಕ್ಕೂ ಇಲ್ಲ, ಕೆಲವಕ್ಕಿವೆ.

ಪ್ರಶ್ನೆ: ಯಜಮಾನರ ವಿಂಡೋಸ್ 7 ಲ್ಯಾಪ್‌ಟಾಪ್ ಮನೆಯಲ್ಲಿದೆ. ಪಿಂಚಣಿ ಬಂದಿದೆಯೇ ಎಂದು ಅದರಲ್ಲೇ ಬ್ಯಾಂಕ್ ಖಾತೆ ನೋಡುತ್ತೇನೆ. ಪರವಾಗಿಲ್ಲವೇ? ಮಗನ ಹತ್ತಿರ ವಿಂಡೋಸ್ 10 ಇದೆ, ಅದು ಹೊಸದು ತಾನೆ?
— ಗೃಹಿಣಿ, ಚಾಮರಾಜಪುರಂ

ಉತ್ತರ: ಬೇಡಮ್ಮ. ವಿಂಡೋಸ್ 7ಕ್ಕೆ ತೇಪೆ ಹಾಕುವುದು 2020ರ ಜನವರಿ 14ಕ್ಕೆ ನಿಂತಿತು. ಅದರಲ್ಲಿ ಓಡುವ ಕೊನೆಯ ಕ್ರೋಮ್ 109ನೆಯದು, 2023ರದು. ಆಮೇಲೆ ಸಿಕ್ಕ ಲೋಪಗಳೆಲ್ಲ ಅದರಲ್ಲಿ ತೆರೆದೇ ಇವೆ. ಅದಕ್ಕಿಂತ ನಿಮ್ಮ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ಹಾಕಿಕೊಳ್ಳುವುದು ವಾಸಿ, ಫೋನಿಗೆ ಅಪ್‌ಡೇಟ್ ಬರುತ್ತಿದ್ದರೆ. ಲ್ಯಾಪ್‌ಟಾಪ್‌ನಲ್ಲಿರುವ ಯಜಮಾನರ ಫೋಟೊಗಳನ್ನು ಬೇರೆ ಡಿಸ್ಕಿಗೆ ಹಾಕಿಸಿ, ಹಾಡು ಕೇಳಲು ಅದನ್ನು ಇಟ್ಟುಕೊಳ್ಳಿ.

ವಿಂಡೋಸ್ 10 ಕೂಡ ಈಗ ಹಳೆಯದರ ಪಟ್ಟಿಗೆ ಸೇರಿದೆ. 2025ರ ಅಕ್ಟೋಬರ್ 14ಕ್ಕೆ ಅದರ ಅವಧಿ ಮುಗಿಯಿತು. ಮನೆಬಳಕೆಯವರಿಗೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುವ ಯೋಜನೆ ಇದೆ. ಸೆಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಅದರ ಕೊಂಡಿ ಇರುತ್ತದೆ, ಮಗನಿಗೆ ಹೇಳಿ. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ಪೀಳಿಗೆ ಅಥವಾ ಮುಂದಿನದೇ ಆಗಬೇಕು. ಚೆನ್ನಾಗಿ ಓಡುವ ಎಷ್ಟೋ ಕಂಪ್ಯೂಟರ್‌ಗಳನ್ನು ಇದೊಂದೇ ಕಾರಣಕ್ಕೆ ಗುಜರಿಗೆ ಕಳಿಸುವಂತೆ ಮಾಡಿದ್ದು ನನಗೆ ಒಪ್ಪಿಗೆಯಿಲ್ಲ. ಅಂಥವುಗಳಿಗೂ ಲಿನಕ್ಸ್ ಹಾಕಿ ಬಳಸಬಹುದು.

ಓದುಗರಲ್ಲಿ ಒಂದು ಕೋರಿಕೆ: ಮುಂದಿನ ಸಲ ಪ್ರಶ್ನೆ ಕಳಿಸುವಾಗ 'ನನ್ನ ಕಂಪ್ಯೂಟರ್ ಹಳೆಯದು' ಎಂದಷ್ಟೇ ಬರೆಯಬೇಡಿ. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ಬರುವ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ಡಬ್ಲ್ಯೂ-ಐ-ಎನ್-ವಿ-ಇ-ಆರ್ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಅಲ್ಲಿ ಕಾಣುವ ಆವೃತ್ತಿಯ ಹೆಸರು ಮತ್ತು ಸಂಖ್ಯೆಯನ್ನು ಪತ್ರದಲ್ಲಿ ಬರೆಯಿರಿ.